ಊಟದ ಡಬ್ಬಿಯಲ್ಲಿ ಕನ್ನಡ ಹೊತ್ತು ತಿರುಗುವ ಮೇಷ್ಟ್ರು

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೂಲೆಯಿಂದ ಕಸ ಗುಡಿಸಿಕೊಂಡು ಬರುತ್ತಿರುವ ಹೆಂಗಸಿನ ಪೊರಕೆ ಸದ್ದು ಕೇಳಿದ್ದೇ ತಡ, ಉಮಾಶಂಕರ್ ಬೆಂಚಿನಿಂದ ದಡಕ್ಕನೆ ಎದ್ದು, ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಸ್ವೆಟರಿನೊಳಗೆ ತೂರಿಸಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಧೂಳು ಅಡಗುವವರೆಗೂ ಅವರು ಈ ಕಡೆ ತಿರುಗುವವರಲ್ಲ. ಅವರ ಸಂದರ್ಶನಕ್ಕೆಂದೇ ನಸುಕಿನಲ್ಲೆದ್ದು ಬಂದ ನಾನು ಟೀ ಲೋಟ ಹಿಡಿದುಕೊಂಡು ಅವರ ಬೆನ್ನನ್ನೇ ಮಾತಾಡಿಸುತ್ತೇನೆ.

"ಧೂಳು ಒಂದೇ ಅಲ್ಲ ಸಾರ್," ಎನ್ನುತ್ತದೆ ಬೆನ್ನು. "ಬಿಸಿಲು ಆಗಲ್ಲ, ನೀರು ಆಗಲ್ಲ, ಅಯಸ್ಕಾಂತ ಅಂತೂ ಹತ್ರಾನೇ ಸುಳೀಬಾರದು. ನಮ್ಮತ್ತೆ ಕೂಡ ಇಷ್ಟು ನಾಜೂಕಿಲ್ಲ."

ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಬಂದು ನಿಂತರೂ ಅವರ ಪೇಚಾಟ ಮುಗಿಯುವುದಿಲ್ಲ. ಕಿಟಕಿ ಪಕ್ಕ ಕೂತರೆ ಬಿಸಿಲು. ಮುಂದೆ ಕೂತರೆ ಎಂಜಿನ್ ಕಾವು, ಜೊತೆಗೆ ಹಾಡು ಹೇಳುವ ಸ್ಪೀಕರು. ಆ ಸ್ಪೀಕರಿನೊಳಗೆ ಅಯಸ್ಕಾಂತ. ಹಿಂದೆ ಕೂತರೆ ಹಳ್ಳದಲ್ಲಿ ಎತ್ತಿ ಕುಕ್ಕುತ್ತದೆ. ಕಡೆಗೆ ನಡು ಬಸ್ಸಿನಲ್ಲಿ ಕೂತು ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಳ್ಳುತ್ತಾರೆ. ಟಿಕೆಟ್ ಹರಿಯಲು ಬಂದ ಕಂಡಕ್ಟರಿಗೆ ಇದನ್ನು ನೋಡಿ ನೋಡಿ ಅಭ್ಯಾಸವಾಗಿದೆ, ಆದರೂ ಕೆಣಕದೆ ಇರಲಾರರು.

"ಏನ್ ಮೇಷ್ಟ್ರೇ, ಮನೆಯೋರು ಅಂಥಾದ್ದೇನು ಮಾಡಿ ಕಳಿಸವ್ರೆ, ಹಿಂಗೆ ಅವುಚ್ಕೊಂಡಿದ್ದೀರಿ?"

"ಕನ್ನಡ ಐತೆ ಕಣಪ್ಪಾ ಇದ್ರಲ್ಲಿ."

"ಪೂರ್ತಿ ಐತೋ, ಅರ್ಧ ಐತೋ?"

"ಪೂರ್ತಿ ಐತೆ. ಮುಂದಕ್ಕೆ ಹೋಗು."

ಪೂರ್ತಿ ಇದೆ ಎಂದು ಅವರು ಅಷ್ಟು ಧೈರ್ಯವಾಗಿ ಹೇಳಿದ್ದನ್ನು ಓದುಗರು ಗಮನಿಸಬೇಕು. ಆ ಧೈರ್ಯದ ಆಯುಸ್ಸು ಹಳೇಬೀಡು ತಲುಪುವವರೆಗೆ ಮಾತ್ರ.

ಡಬ್ಬಿಯೊಳಗಿರುವುದು ಏಳು ಫ್ಲಾಪಿಗಳು. ನೋಡಿರದವರಿಗಾಗಿ ಹೇಳುವುದಾದರೆ, ಫ್ಲಾಪಿ ಎಂದರೆ ಅಂಗೈಯಗಲದ ಕರಿ ಪ್ಲಾಸ್ಟಿಕ್ ಬಿಲ್ಲೆ. ಈ ಏಳನ್ನೂ ಒಂದಾದ ಮೇಲೊಂದರಂತೆ ಕಂಪ್ಯೂಟರಿನ ಬಾಯಿಗೆ ಕೊಟ್ಟರೆ, ಅಲ್ಲಿಯವರೆಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರೆಯದಿದ್ದ ಯಂತ್ರ ಕನ್ನಡ ಅಕ್ಷರ ಬರೆಯಲು ಶುರು ಮಾಡುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡು, ಗಂಡಸಿಯ ಸುತ್ತ ಹೊಸದಾಗಿ ಕಂಪ್ಯೂಟರ್ ಕೊಂಡು, ಅದರ ಮುಂದೆ ಕೈಕಟ್ಟಿ ಕೂತವರಿಗೆಲ್ಲ ಈ ಕೆಲಸ ಮಾಡಿಕೊಡುವವರು ಉಮಾಶಂಕರ್. ಇದಕ್ಕೆ ಕಂಪ್ಯೂಟರ್ ಭಾಷೆಯಲ್ಲಿ ಏನೇನೋ ಹೆಸರಿರಬಹುದು. ಇಲ್ಲಿ ಎಲ್ಲರೂ ಹೇಳುವುದು "ಕನ್ನಡ ಹಾಕಿಸೋದು" ಎಂದೇ. ಹಾಕಿಕೊಟ್ಟ ಮೇಲೆ ಎದುರು ಕೂರಿಸಿಕೊಂಡು ಬರೆಯುವುದು, ಅಳಿಸುವುದು, ಉಳಿಸುವುದನ್ನೂ ಹೇಳಿಕೊಡುತ್ತಾರೆ. ಆ ಪಾಠಕ್ಕೆ ಬೇರೆ ಏನೂ ತೆಗೆದುಕೊಳ್ಳುವುದಿಲ್ಲ.

ನಲವತ್ತು ದಾಟಿದ ಉಮಾಶಂಕರ್ ಮೊದಲು ಟೈಪಿಂಗ್ ಮೇಷ್ಟ್ರು. ಸಾಲು ಸಾಲು ಟೈಪ್‌ರೈಟರುಗಳ ನಡುವೆ ಅಡಿಕೋಲು ಹಿಡಿದು ಓಡಾಡುತ್ತಿದ್ದವರು. ಕಂಪ್ಯೂಟರ್ ಬಂದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾದರು, ಕೊನೆಗೆ ಅಡಿಕೋಲು ಮಾತ್ರ ಉಳಿಯಿತು. ಬೆಂಗಳೂರಿನ ಒಂದು ಸಣ್ಣ ಕಂಪನಿ ಕನ್ನಡ ಅಕ್ಷರದ ತಂತ್ರಾಂಶ ಮಾಡಿ, ಊರೂರಿಗೆ ಏಜೆಂಟರನ್ನು ಹುಡುಕುತ್ತಿತ್ತು. ಇವರು ಹೋಗಿ ಕಲಿತು, ಏಳು ಫ್ಲಾಪಿ ತೆಗೆದುಕೊಂಡು ಬಂದರು. ಇಸವಿ ಎರಡು ಸಾವಿರ ಹುಟ್ಟಿದ ದಿನ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ನಮ್ಮ ಪತ್ರಿಕೆಯೂ ಸೇರಿ ಎಲ್ಲರೂ ಹೆದರಿಸಿದ್ದೆವಲ್ಲ, ಕಂಪ್ಯೂಟರುಗಳೆಲ್ಲ ನೆಟ್ಟಗೇ ಇದ್ದವು. ಬಾಗಿಲು ಹಾಕಿದ್ದು ಆ ಕಂಪನಿ. ಈಗ ಅವರ ನಂಬರಿಗೆ ಫೋನ್ ಮಾಡಿದರೆ ಯಾವುದೋ ಹೋಟೆಲಿನವರು ಎತ್ತಿ, ಪಾರ್ಸೆಲ್ಲಾ ಎಂದು ಕೇಳುತ್ತಾರಂತೆ.

ಹಾಗಾಗಿ ಡಬ್ಬಿಯಲ್ಲಿರುವ ಏಳೇ ಇವರ ಆಸ್ತಿ. ಮುಂಜಾಗ್ರತೆಗೆಂದು ನಕಲು ಮಾಡಿಟ್ಟಿದ್ದ ಇನ್ನೊಂದು ಸೆಟ್ಟಿಗೆ ಹೋದ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು, ಮತ್ತೆ ನಕಲು ಮಾಡುವುದು ನಾಳೆ ನಾಳೆ ಎಂದೇ ಉಳಿದಿದೆ. ಹಾಸನದ ಹುಡುಗರು ಫಳಫಳ ಹೊಳೆಯುವ ಸಿ.ಡಿ. ತಂದು ಗಳಿಗೆಯಲ್ಲಿ ಕನ್ನಡ ಹಾಕಿ ಹೋಗುತ್ತಾರೆ, ನಿಜ. ಆದರೆ ಈ ಕಡೆಯವರು ಕೊಳ್ಳುವುದು ಯಾರೋ ಬಳಸಿ ಬಿಟ್ಟ ಹಳೇ ಕಂಪ್ಯೂಟರು, ಅದಕ್ಕೆ ಸಿ.ಡಿ. ಹಾಕುವ ಬಾಯೇ ಇರುವುದಿಲ್ಲ. ಅಂಥವರಿಗೆ ಉಮಾಶಂಕರೇ ಗತಿ. ಉಮಾಶಂಕರಿಗೆ ಆ ಏಳೇ ಗತಿ. ಅದರಲ್ಲಿ ಒಂದು ಹೋದರೂ ಉಳಿದ ಆರನ್ನು ಟೀ ಲೋಟದ ಕೆಳಗೆ ಇಟ್ಟುಕೊಳ್ಳಬಹುದು, ಅಷ್ಟೇ.

ಊಟದ ಡಬ್ಬಿ ಯಾಕೆ ಎಂದರೆ, ಕಂಪನಿ ಕೊಟ್ಟ ರಟ್ಟಿನ ಪೆಟ್ಟಿಗೆ ಮೊದಲ ಮಳೆಗೇ ಮೆತ್ತಗಾಯಿತು. ಹೆಂಡತಿ ಮಂಜುಳಾ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಅದೇ ಅಳತೆಯ ಇನ್ನೊಂದರಲ್ಲಿ ಊಟ ಹಾಕಿಕೊಟ್ಟರು. ಒಂದು ದಿನ ಬೇಲೂರಿನ ವಕೀಲರೊಬ್ಬರ ಕಚೇರಿಯಲ್ಲಿ, ಕಕ್ಷಿದಾರರೆಲ್ಲ ಕಣ್ಣರಳಿಸಿ ನೋಡುತ್ತಿರುವಾಗ, ಉಮಾಶಂಕರ್ ಗಂಭೀರವಾಗಿ ಡಬ್ಬಿ ತೆರೆದರೆ ಚಿತ್ರಾನ್ನ. ಅವಸರವೇನಿಲ್ಲ, ಊಟ ಮುಗಿಸಿಯೇ ಶುರು ಮಾಡಿ ಎಂದರಂತೆ ವಕೀಲರು. ಅಂದಿನಿಂದ ಫ್ಲಾಪಿ ಡಬ್ಬಿಗೆ ಮಂಜುಳಾ ಮಾಲೇಕಲ್ಲು ತಿರುಪತಿಯಿಂದ ತಂದ ಕೆಂಪು ದಾರ ಕಟ್ಟಿದ್ದಾರೆ.

ಕಲಿಯುವವರ ಕಥೆ ಕೇಳಿದರೆ ಮೇಷ್ಟ್ರು ಬಾಣಾವರದಿಂದ ಜಾವಗಲ್‌ವರೆಗೆ ನಿಲ್ಲಿಸದೆ ಹೇಳುತ್ತಾರೆ. ಒಬ್ಬ ಕೊಬ್ಬರಿ ವ್ಯಾಪಾರಿ, ಐದನೇ ಫ್ಲಾಪಿ ಹಾಕುವಷ್ಟರಲ್ಲಿ ರಾಹುಕಾಲ ಬಂತೆಂದು ಕೈ ಹಿಡಿದುಬಿಟ್ಟರಂತೆ. ಮುಂದಿನದು ಕೊಡಿ, ಮುಂದಿನದು ಕೊಡಿ ಎಂದು ಯಂತ್ರ ಕೇಳುತ್ತಲೇ ಇದೆ, ಇವರಿಬ್ಬರೂ ರಾಹುಕಾಲ ಕಳೆಯುವವರೆಗೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾರೆ. ಇನ್ನೊಬ್ಬರು, ಮೊದಲು ಇಂಗ್ಲಿಷ್ ಇಳಿಸಿ ಆಮೇಲೆ ಕನ್ನಡ ಹಾಕಿ, ಎರಡೂ ಇದ್ದರೆ ಕಂಪ್ಯೂಟರಿಗೆ ಭಾರವಾಗುತ್ತದೆ ಎಂದು ಹಟ ಹಿಡಿದರು.

"ಇವೆಲ್ಲ ಸಣ್ಣವು ಸಾರ್," ಎನ್ನುತ್ತಾರೆ ಉಮಾಶಂಕರ್. "ಎಲ್ಲರ ತಲೇಲೂ ಇರೋ ದೊಡ್ಡ ಗುಮಾನಿ ಒಂದೇ. ಫ್ಲಾಪಿಯಿಂದ ಕಂಪ್ಯೂಟರಿಗೆ ಹಾಕಿದ ಮೇಲೆ ಫ್ಲಾಪಿ ಖಾಲಿ ಆಗುತ್ತೆ ಅಂತ! ಚೆಂಬಿಂದ ಬಿಂದಿಗೆಗೆ ಸುರಿದ ಹಾಗೆ. ಖಾಲಿ ಆಗಲ್ಲ ಕಣ್ರಪ್ಪಾ, ಅದು ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ ಅಂದ್ರೆ ನನ್ನನ್ನ ಮಾಟಗಾರನ್ನ ನೋಡ್ದಂಗೆ ನೋಡ್ತಾರೆ."

ಹಳೇಬೀಡಿನಲ್ಲಿ ನಮ್ಮನ್ನು ಕಾಯುತ್ತಿರುವವರು ಕಾವ್ಯಶ್ರೀ. ಬಸ್ ನಿಲ್ದಾಣದ ಹತ್ತಿರ ಒಂದು ಪುಟ್ಟ ಮಳಿಗೆ ಹಿಡಿದು, ಹಳೇ ಕಂಪ್ಯೂಟರು ಮತ್ತು ಪ್ರಿಂಟರ್ ಇಟ್ಟು, 'ಇಲ್ಲಿ ಕನ್ನಡದಲ್ಲಿ ಟೈಪ್ ಮಾಡಿಕೊಡಲಾಗುವುದು' ಎಂದು ಬೋರ್ಡೂ ತೂಗುಹಾಕಿದ್ದಾರೆ. ಕಂಪ್ಯೂಟರಿಗೆ ಕನ್ನಡ ಬರುವ ಮೊದಲೇ ಬೋರ್ಡ್ ಬಂದಿರುವುದು ಅವರ ಧೈರ್ಯಕ್ಕೆ ಸಾಕ್ಷಿ. ಸಿದ್ದಬಸಪ್ಪ ಎಂಬ ಮೇಸ್ತ್ರಿಯ ಹೊಸ ಮನೆಯ ಗೃಹಪ್ರವೇಶದ ಕರೆಯೋಲೆಯನ್ನು ಇವತ್ತು ಸಂಜೆಗೇ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಾರೆ. ಮೊದಲ ಗಿರಾಕಿ. ಅವರಿಗೆ ಕೊಟ್ಟ ಮಾತು ತಪ್ಪಿದರೆ ಇಡೀ ಹಳೇಬೀಡಿಗೆ ಗೊತ್ತಾಗಲು ಒಂದು ಟೀ ಕುಡಿಯುವ ಹೊತ್ತು ಸಾಕು.

ಉಮಾಶಂಕರ್ ಕೈ ತೊಳೆದು, ಒರೆಸಿ, ಕೂರುತ್ತಾರೆ. ಒಂದನೆಯದು ಒಳಗೆ ಹೋಗುತ್ತದೆ. ಕಂಪ್ಯೂಟರು ಕರಕರ ಎಂದು ಮೆಲ್ಲುತ್ತದೆ. ಎರಡು, ಮೂರು ಕೂಡ ಸಲೀಸು. ನಾಲ್ಕನೆಯದನ್ನು ಹಾಕಿದರೆ ಯಂತ್ರ ಕರಕರ ಎನ್ನದೆ ಒಂದೇ ಸಲ ಟುಂಯ್ ಎನ್ನುತ್ತದೆ. ಇದು ನಾಲ್ಕನೆಯದಲ್ಲ, ನಾಲ್ಕನೆಯದನ್ನು ಕೊಡಿ ಎನ್ನುತ್ತದೆ. ತೆಗೆದು, ಊದಿ, ಮತ್ತೆ ಹಾಕುತ್ತಾರೆ. ಟುಂಯ್. ಚೀಟಿ ನೋಡುತ್ತಾರೆ, ಅವರದೇ ಕೈಬರಹದಲ್ಲಿ ನಾಲ್ಕು ಎಂದಿದೆ. ಕಡೆಗೆ ಒಳಗೇನಿದೆ ನೋಡೋಣವೆಂದು ತೆರೆದರೆ, ಇರಬೇಕಾದ ಕಡತಗಳು ಒಂದೂ ಇಲ್ಲ. ಒಂದೇ ಒಂದು ಚಿತ್ರ ಇದೆ. ಅದನ್ನು ಒತ್ತುತ್ತಾರೆ.

ಪರದೆಯ ತುಂಬ ರಂಗೋಲಿ. ಚುಕ್ಕಿ ಇಟ್ಟು, ಎಳೆ ಸುತ್ತಿ, ನಡುವೆ ತಾವರೆ ಬಿಡಿಸಿ, ದಳಗಳಿಗೆ ಗುಲಾಬಿ ಬಣ್ಣ ತುಂಬಿದ ಭರ್ಜರಿ ರಂಗೋಲಿ.

ಕಾವ್ಯಶ್ರೀ ಅಳುಕುತ್ತ ಕೇಳುತ್ತಾರೆ: "ಚೆನ್ನಾಗಿದೆ ಸಾರ್... ಕನ್ನಡ ಇದಾದ್ಮೇಲೆ ಬರುತ್ತಾ?"

ಉಮಾಶಂಕರ್ ಮುಖ ನೋಡಿ ನನಗೆ ಭಯವಾಗುತ್ತದೆ. ಬಣ್ಣ ಇಳಿದುಹೋಗಿದೆ. "ಗಂಡಸಿ," ಎನ್ನುತ್ತಾರೆ ಮೆಲ್ಲಗೆ. "ಗಂಡಸಿ ಮಹದೇವಮ್ಮ."

ಸಂಗತಿ ಇಷ್ಟು. ಹೋದ ವಾರ ಅವರು ಗಂಡಸಿಯಲ್ಲಿ ಹೊಲಿಗೆ ತರಗತಿ ನಡೆಸುವ ಮಹದೇವಮ್ಮ ಎಂಬುವರ ಕಂಪ್ಯೂಟರಿಗೆ ಕನ್ನಡ ಹಾಕಿ, ಬಹಳ ಹೊತ್ತು ಕೂತು ಪಾಠ ಹೇಳಿ, ಕಡೆಯ ಬಸ್ಸಿನ ಹಾರನ್ ಕೇಳಿ ಓಡಿದ್ದಾರೆ. ಡಬ್ಬಿ ಅಲ್ಲೇ ಉಳಿಯಿತು. ಎರಡು ದಿನ ಬಿಟ್ಟು ಆಕೆ ಅದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಜೋಪಾನವಾಗಿ ಕಳಿಸಿಕೊಟ್ಟರು. ಏಳೂ ಇವೆಯೇ ಎಂದು ಎಣಿಸಿಕೊಂಡ ಮೇಷ್ಟ್ರು ನೆಮ್ಮದಿಯಾಗಿ ಮಲಗಿದರು.

ಪಕ್ಕದ ಎಸ್‌.ಟಿ.ಡಿ. ಬೂತಿನಿಂದ ಗಂಡಸಿಗೆ ಫೋನ್ ಹೋಗುತ್ತದೆ. ಬೈಯಲೆಂದೇ ಉಸಿರು ತುಂಬಿಕೊಂಡು ನಿಂತಿದ್ದಾರೆ ಉಮಾಶಂಕರ್. ಆದರೆ ಆ ಕಡೆಯ ದನಿ ಎಷ್ಟು ಜೋರೆಂದರೆ ಬೂತಿನ ಹೊರಗೆ ನಿಂತ ನನಗೂ ಅಕ್ಷರಕ್ಷರ ಕೇಳಿಸುತ್ತದೆ.

"ಮೇಷ್ಟ್ರೇ! ಡಬ್ಬಿ ತಲುಪ್ತಾ? ಒಳಗಿರೋದು ನೋಡಿದ್ರಾ?"

"ನೋಡ್ದೆ ಕಣಮ್ಮಾ."

"ಹೆಂಗೈತೆ?"

ಉಮಾಶಂಕರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಚೆನ್ನಾಗೈತೆ."

"ಮನೆಗೆ ಬಂದ ಪಾತ್ರೇನ ಬರಿದಾಗಿ ವಾಪಸ್ ಕೊಡೋಕೆ ಮನಸ್ಸು ಬರುತ್ತಾ ಹೇಳಿ? ಕೊಬ್ಬರಿ ಮಿಠಾಯಿ ಮಾಡಿದ್ದೆ. ತಿನ್ನೋದು ಈ ಡಬ್ಬಿ ಹತ್ರ ತರಬ್ಯಾಡಿ ಅಂತ ನೀವೇ ಬೋ ಸಲ ಹೇಳಿದ್ರಲ್ಲ. ಅದ್ಕೇ ಫ್ಲಾಪಿಗೇ ಒಂದು ರಂಗೋಲಿ ತುಂಬ್ದೆ. ಜಾಗ ಇಲ್ಲ ಅಂತು. ನಿಮ್ಮದು ನಮ್ಮ ಕಂಪ್ಯೂಟರಿಗೆ ಇಳಿದಾಗಿತ್ತಲ್ಲ, ತಳದಲ್ಲಿ ಮಿಕ್ಕಿದ್ದನ್ನೆಲ್ಲ ತೊಳೆದುಬಿಟ್ಟೆ. ತೊಳೀದೆ ಹೆಂಗೆ ಕೊಡೋದು?"

"ಅಮ್ಮಾ, ಬೇರೆ ಯಾವುದಾದ್ರೂ ತೊಳೆದ್ರಾ?"

"ನೋಡ್ದೆ ಮೇಷ್ಟ್ರೇ. ಮಿಕ್ಕ ಆರೂ ಒಪ್ಪಲೇ ಇಲ್ಲ. ಆ ನಾಲ್ಕನೇದು ಒಂದೇ ಒಳ್ಳೇದು, ಒಪ್ಕೊಂತು."

ಫೋನ್ ಇಟ್ಟು ಹೊರಬಂದ ಮೇಷ್ಟ್ರು ಬೂತಿನ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. "ತೊಳೆದೆ ಅಂತಾರೆ ಸಾರ್! ತೊಳೆದೆ ಅಂತಾರೆ!" ಆಮೇಲೆ ತಮ್ಮ ಹಣೆಯನ್ನೇ ಚಚ್ಚಿಕೊಳ್ಳುತ್ತಾರೆ. ಫ್ಲಾಪಿಯ ಮೂಲೆಯಲ್ಲಿ ಒಂದು ಪುಟ್ಟ ಕಿಂಡಿ, ಅದಕ್ಕೊಂದು ಜಾರುವ ಬಾಗಿಲು ಇದೆ. ಕಿಂಡಿ ತೆರೆದಿಟ್ಟರೆ ಒಳಗಿರುವುದನ್ನು ಯಾರೂ ಅಳಿಸಲಾಗದು, ಮುಚ್ಚಿದರೆ ಅಳಿಸಬಹುದು. ಆರಕ್ಕೂ ತೆರೆದಿತ್ತು. ನಾಲ್ಕನೆಯದು ಅವತ್ತು ಗಂಡಸಿಯಲ್ಲಿ ಒಂದು ಸಲ ತಕರಾರು ಮಾಡಿತೆಂದು ಇವರೇ ಆ ಬಾಗಿಲನ್ನು ಹಿಂದೆ ಮುಂದೆ ಆಡಿಸಿ, ಬಸ್ಸಿನ ಗಡಿಬಿಡಿಯಲ್ಲಿ ಮುಚ್ಚಿ ಬಿಟ್ಟಿದ್ದರು. ಊರಿಗೆಲ್ಲ ಕಿಂಡಿ ಪಾಠ ಹೇಳುವವರು ಇವರೇ.

ನನಗೆ ನಗು ತಡೆಯಲಾಗುತ್ತಿಲ್ಲ. ಆದರೆ ಈ ಮನುಷ್ಯನ ಅನ್ನ ಆ ಗುಲಾಬಿ ತಾವರೆಯ ಕೆಳಗೆ ಮುಚ್ಚಿಹೋಗಿದೆ. ಕಾವ್ಯಶ್ರೀ ಹಾಸನದ ಹುಡುಗರಿಗೆ ಫೋನ್ ಮಾಡಲೇ ಎಂದು ಕೇಳುತ್ತಾರೆ, ಮರುಕ್ಷಣ ತಮ್ಮ ಕಂಪ್ಯೂಟರಿಗೆ ಸಿ.ಡಿ. ಬಾಯಿಲ್ಲವೆಂದು ನೆನಪಾಗಿ ಸುಮ್ಮನಾಗುತ್ತಾರೆ. ಆಗ ಮೇಷ್ಟ್ರು ಥಟ್ಟನೆ ಎದ್ದು ನಿಲ್ಲುತ್ತಾರೆ.

"ಗೆಂಡೆಹಳ್ಳಿ! ಧರ್ಮಪ್ಪ! ಎಂಜಲು!"

ಮೂರು ಮಾತಿನ ಅರ್ಥ ನನಗೆ ಬೇಲೂರು ಬಸ್ಸಿನಲ್ಲಿ ತಿಳಿಯುತ್ತದೆ. ಗೆಂಡೆಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಧರ್ಮಪ್ಪ ಹೋದ ವರ್ಷ ಕನ್ನಡ ಹಾಕಿಸುವಾಗ, ಹತ್ತು ಮನೆ ಕಂಪ್ಯೂಟರಿನ ಬಾಯಿಗೆ ಹೋಗಿ ಬಂದ ಫ್ಲಾಪಿ ನಮಗೆ ಎಂಜಲು, ಹೊಸದು ತನ್ನಿ ಎಂದು ಪಟ್ಟು ಹಿಡಿದಿದ್ದರಂತೆ. ಉಮಾಶಂಕರ್ ಬೇರೆ ದಾರಿ ಕಾಣದೆ, ಅವರ ಕಣ್ಣೆದುರೇ ಹೊಸ ಫ್ಲಾಪಿ ಪೊಟ್ಟಣ ಒಡೆದು, ಏಳನ್ನೂ ನಕಲು ಮಾಡಿ, ಆ ಹೊಸದರಿಂದಲೇ ಕನ್ನಡ ಹಾಕಿ, ಹೊಸದನ್ನು ಅವರಿಗೇ ಬಿಟ್ಟು ಬಂದಿದ್ದರು. ಹಳೆಯದರಿಂದಲೇ ಇಳಿದದ್ದು ಎಂಜಲಲ್ಲವೇ ಎಂದು ಧರ್ಮಪ್ಪ ಕೇಳಲಿಲ್ಲ, ಮೇಷ್ಟ್ರು ಆ ಮಾತೆತ್ತಲಿಲ್ಲ. ಈಗ ಭೂಮಿಯ ಮೇಲೆ ನಾಲ್ಕನೇ ಫ್ಲಾಪಿ ಉಳಿದಿದ್ದರೆ ಅದು ಧರ್ಮಪ್ಪನವರ ಮನೆಯಲ್ಲಿ ಮಾತ್ರ.

ಬೇಲೂರಿನಲ್ಲಿ ಇಳಿದು, ಗೆಂಡೆಹಳ್ಳಿ ಬಸ್ಸು ಹತ್ತುವವರೆಗೂ ಉಮಾಶಂಕರ್ ತುಟಿ ಅಲ್ಲಾಡುತ್ತಿರುತ್ತದೆ. ಜಪವೆಂದುಕೊಂಡೆ. ಕಿವಿಗೊಟ್ಟರೆ, ನಾಳೆ ಮಹದೇವಮ್ಮನಿಗೆ ಹೇಗೆ ಬೈಯಬೇಕೆಂದು ಅಭ್ಯಾಸ ಮಾಡುತ್ತಿದ್ದಾರೆ. "ಅಲ್ಲಮ್ಮಾ, ನಿಮ್ಮ ಹೊಲಿಗೆ ಮಿಷನ್ ಸೂಜಿ ಕಿತ್ತು ನಾನು ಹೂವು ಸಿಕ್ಕಿಸಿದ್ರೆ ಹೆಂಗಿರುತ್ತೆ, ಅಂತ ಕೇಳ್ತೀನಿ ಸಾರ್. ಕೇಳಬೇಕಲ್ವಾ?" ಕೇಳಲೇಬೇಕು ಎಂದು ನಾನೂ ಎಣ್ಣೆ ಸುರಿಯುತ್ತೇನೆ.

ಧರ್ಮಪ್ಪನವರ ಮನೆಯಲ್ಲಿ ಏಳು ಫ್ಲಾಪಿಗಳೂ ಬೀರುವಿನೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೆಂಡತಿ ಚಲುವಮ್ಮನವರ ರೇಷ್ಮೆ ಸೀರೆಗಳ ಪಕ್ಕ ಭದ್ರವಾಗಿವೆ. ಉಮಾಶಂಕರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಧರ್ಮಪ್ಪ ಉದಾರವಾಗಿ ನಾಲ್ಕನೆಯದನ್ನು ಎತ್ತಿ ಚಾಚುತ್ತಾರೆ.

"ತಗೊಂಡ್ ಹೋಗಿ ಮೇಷ್ಟ್ರೇ. ಇದ್ರಲ್ಲಿದ್ದಿದ್ದು ನಮ್ಮ ಕಂಪ್ಯೂಟರಿಗೆ ಸುರಿದಾಗೈತಲ್ಲ. ಬರಿ ಕವಚ ಇಟ್ಕೊಂಡು ನಾನೇನ್ ಮಾಡ್ಲಿ?"

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಹೊರಡುತ್ತಿದ್ದರು. ಆದರೆ ಮೇಷ್ಟ್ರ ಚಟ ಮೇಷ್ಟ್ರದು.

"ಹಂಗಲ್ಲ ಧರ್ಮಪ್ಪನೋರೇ. ಅದು ಖಾಲಿ ಆಗಿರಲ್ಲ..."

ನಾನು ಹಿಂದಿನಿಂದ ಅವರ ಸ್ವೆಟರ್ ಎಳೆಯುತ್ತೇನೆ. ಲಾಭವಿಲ್ಲ. ಇವರು ಚೆಂಬು, ಬಿಂದಿಗೆ ಎಲ್ಲ ತಂದು ವಿವರಿಸುತ್ತಿದ್ದಾರೆ. ಧರ್ಮಪ್ಪನ ಹುಬ್ಬು ಮೇಲೇರುತ್ತದೆ.

"ಅಂದ್ರೆ, ನಾನು ಹಾಕಿಸಿದ್ದು ಪೂರ್ತಿ ಇನ್ನೂ ಇದ್ರೊಳಗೆ ಐತೆ ಅಂತೀರಾ?"

"ಪೂರ್ತಿ ಐತೆ."

"ಹಂಗಾದ್ರೆ ಕೊಡಲ್ಲ." ಚಾಚಿದ ಕೈ ಹಿಂದಕ್ಕೆ ಹೋಗುತ್ತದೆ. ಫ್ಲಾಪಿ ಮತ್ತೆ ರೇಷ್ಮೆ ಸೀರೆಗಳ ಕಡೆಗೆ ಹೊರಡುತ್ತದೆ.

ಬೇಡ ಬಿಡಿ, ಇದನ್ನು ನೀವೇ ಇಟ್ಟುಕೊಳ್ಳಿ, ನಕಲು ಇಳಿಸಿಕೊಳ್ಳುತ್ತೇನೆ, ನಿಮ್ಮದು ಒಂದಿಷ್ಟೂ ಕಡಿಮೆಯಾಗುವುದಿಲ್ಲ ಎಂದು ಉಮಾಶಂಕರ್ ಗೋಗರೆಯುತ್ತಾರೆ. ಹಾಲು ಕರೆದ ಮೇಲೂ ಕೆಚ್ಚಲು ತುಂಬಿಕೊಂಡೇ ಇರುತ್ತೆ ಅಂತೀರಲ್ರೀ, ನಾನೇನು ಮಗುವಾ ಎನ್ನುತ್ತಾರೆ ಧರ್ಮಪ್ಪ. ತಮ್ಮ ಕಷ್ಟ ಕಣ್ಣಾರೆ ಕಾಣಲೆಂದು ಮೇಷ್ಟ್ರು ಹಾಳಾದ ಫ್ಲಾಪಿಯನ್ನು ಅವರ ಕಂಪ್ಯೂಟರಿಗೆ ಹಾಕಿ ತೋರಿಸುತ್ತಾರೆ. ಪರದೆಯ ಮೇಲೆ ತಾವರೆ ಅರಳುತ್ತದೆ.

ಕಾಫಿ ತಂದ ಚಲುವಮ್ಮ ಲೋಟಗಳನ್ನು ಹಾಗೇ ಹಿಡಿದು ನಿಂತುಬಿಡುತ್ತಾರೆ. "ಇದ್ಯಾರು ಬಿಟ್ಟಿದ್ದು? ಎಳೆ ಎಷ್ಟು ಸಲೀಸಾಗಿ ಹೊರಳ್ಕೊಂಡವೆ ನೋಡಿ!" ಕಾಫಿ ನಮ್ಮ ಕೈಗಿಟ್ಟು, ಕ್ಯಾಲೆಂಡರಿನ ಹಳೇ ಹಾಳೆ ಕಿತ್ತು, ಪರದೆಗೆ ಬೆರಳಿಟ್ಟು ಚುಕ್ಕಿ ಎಣಿಸಿಕೊಂಡು ಬರೆದುಕೊಳ್ಳಲು ಕೂತೇಬಿಡುತ್ತಾರೆ. ಬರೆಯುತ್ತಲೇ ಗಂಡನ ಕಡೆ ತಿರುಗಿ ಕೇಳುತ್ತಾರೆ:

"ಅಲ್ಲಾ, ನಾನು ಇದನ್ನ ನೋಡ್ಕೊಂಡು ನಾಳೆ ನಮ್ಮನೆ ಮುಂದೆ ಬಿಟ್ರೆ, ಇಲ್ಲಿರೋದು ಅಳಿಸಿಹೋಯ್ತದಾ? ಮೇಷ್ಟ್ರು ಹೇಳ್ತಿರೋದೂ ಅದೇ ತಾನೆ? ಕೊಡ್ರೀ ಸುಮ್ನೆ."

ಕಾಫಿ ಮುಗಿಯುವವರೆಗೆ ಧರ್ಮಪ್ಪ ಯೋಚಿಸುತ್ತಾರೆ. ವರ್ಷಗಟ್ಟಲೆ ಚೆಂಬು ಬಿಂದಿಗೆ ಹೊತ್ತು ಮೇಷ್ಟ್ರು ಕಲಿಸಲಾಗದ್ದನ್ನು ಚಲುವಮ್ಮ ಒಂದು ಕ್ಯಾಲೆಂಡರ್ ಹಾಳೆಯಲ್ಲಿ ಕಲಿಸಿದ್ದಾರೆ. "ಸರಿ, ಇಳಿಸ್ಕೊಳ್ಳಿ," ಎನ್ನುತ್ತಾರೆ ಧರ್ಮಪ್ಪ. "ಆದ್ರೆ ನಮ್ಮದು ಎಂಜಲಾಗಬಾರದು ನೋಡಿ."

ಇಳಿಸಿಕೊಳ್ಳಲು ಬೇರೆ ಖಾಲಿ ಫ್ಲಾಪಿ ಇಲ್ಲ. ರಂಗೋಲಿ ಇರುವ ಇದರ ಮೇಲೇ ಬರೆಯಬೇಕು. ಉಮಾಶಂಕರ್ ಅಳಿಸುವ ಗುಂಡಿಯ ಮೇಲೆ ಬೆರಳಿಡುತ್ತಾರೆ. ಆಮೇಲೆ ಬೆರಳು ತೆಗೆದು, ಮೊದಲು ರಂಗೋಲಿಯನ್ನು ಧರ್ಮಪ್ಪನವರ ಕಂಪ್ಯೂಟರಿನಲ್ಲಿ ಉಳಿಸಿ, ಅದು ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಅಳಿಸುತ್ತಾರೆ. ಬೆಳಗಿನಿಂದ ಬಾಯಿಗೆ ಬಂದಂತೆ ಬೈಯುತ್ತಿದ್ದ ಮನುಷ್ಯ ಇವರೇನಾ ಎಂದು ನಾನು ನೋಡುತ್ತೇನೆ. ಕರೆಂಟು ದೇವರು ದೊಡ್ಡವನು. ನಕಲು ಮುಗಿಯುವವರೆಗೂ ಹೋಗುವುದಿಲ್ಲ. ಕಿಂಡಿಯನ್ನು ನಾವು ಮೂವರೂ ಒಬ್ಬರಾದ ಮೇಲೊಬ್ಬರು ಪರೀಕ್ಷಿಸಿ, ತೆರೆದಿದೆ ಎಂದು ಒಪ್ಪಿಕೊಂಡ ಮೇಲೆಯೇ ಅದು ಡಬ್ಬಿ ಸೇರುತ್ತದೆ.

ಹಳೇಬೀಡು ತಲುಪುವಾಗ ಹೊತ್ತು ಇಳಿಯುತ್ತಿದೆ. ಅಂಗಡಿಯ ಸ್ಟೂಲಿನ ಮೇಲೆ ಸಿದ್ದಬಸಪ್ಪ ಬಂದು ಕೂತಾಗಿದೆ. ಮೇಷ್ಟ್ರು ಕಂಪ್ಯೂಟರ್ ಪೂಜೆಗೆ ಹೂವು ತರೋಕೆ ಹೋಗವ್ರೆ ಎಂದು ಕಾವ್ಯಶ್ರೀ ಏನೋ ಒಂದು ಹೇಳಿ ಅವರನ್ನು ಕೂರಿಸಿದ್ದಾರೆ. ನಾಲ್ಕನೆಯದು ಒಳಗೆ ಹೋಗುತ್ತದೆ. ಕರಕರ. ಆ ಕರಕರ ಸದ್ದು ಇಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಏಳನೆಯದು ಮುಗಿದ ಮೇಲೆ ಕಾವ್ಯಶ್ರೀ ಒಂದೊಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಬರೆಯುತ್ತಾರೆ. ಪರದೆಯ ಮೇಲೆ ಕನ್ನಡದಲ್ಲಿ ಸಿದ್ದಬಸಪ್ಪ ಎಂದು ಮೂಡಿದಾಗ ಆ ಮೇಸ್ತ್ರಿ ಎದ್ದು ನಿಂತು ತಲೆಗೆ ಸುತ್ತಿದ್ದ ವಲ್ಲಿ ತೆಗೆಯುತ್ತಾರೆ. ಆಮೇಲೆ, ಇನ್ನೂ ಸ್ವಲ್ಪ ದಪ್ಪಕ್ಕೆ ಬರುತ್ತಾ ಎಂದು ವಿಚಾರಿಸುತ್ತಾರೆ.

ಮರುದಿನ ಬೆಳಿಗ್ಗೆ ನಾವು ಗಂಡಸಿಯಲ್ಲಿ. ನನ್ನ ಸಂದರ್ಶನ ನಿನ್ನೆಯೇ ಮುಗಿದಿದೆ. ಆದರೂ ಆ ಸೂಜಿ ಮತ್ತು ಹೂವಿನ ಮಾತನ್ನು ಮೇಷ್ಟ್ರು ಹೇಳುವುದನ್ನು ಕೇಳದೆ ಹೋಗಲು ನನಗೆ ಮನಸ್ಸಿಲ್ಲ.

ಮಹದೇವಮ್ಮನಿಗೆ ಐವತ್ತರ ಮೇಲಾಗಿದೆ. ಕೊರಳಲ್ಲಿ ಅಳತೆ ಟೇಪು, ಸೆರಗಿನಲ್ಲಿ ಸೂಜಿಗಳು. ನಾವು ಕೂರುವ ಮೊದಲೇ ಮಿಠಾಯಿ ತಟ್ಟೆ ಬರುತ್ತದೆ, ತಿನ್ನುವವರೆಗೆ ಬಿಡುವುದಿಲ್ಲ. ಉಮಾಶಂಕರ್ ಬಾಯಿ ತುಂಬಿಕೊಂಡೇ, "ಅಮ್ಮಾ, ಆ ರಂಗೋಲಿ..." ಎಂದು ಶುರು ಮಾಡುತ್ತಾರೆ.

"ಹೆಂಗೆ ಮಾಡ್ದೆ ಅಂತ ತಾನೆ? ತೋರಿಸ್ತೀನಿ ಬನ್ನಿ!"

ಆಕೆ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಚುಕ್ಕಿ ಇಡುತ್ತಾರೆ. ಎಳೆ ಎಳೆಯುತ್ತಾರೆ, ಸರಿಬಾರದ್ದನ್ನು ಅಳಿಸಿ ಮತ್ತೆ ಎಳೆಯುತ್ತಾರೆ. ಬಣ್ಣ ತುಂಬುತ್ತಾರೆ. ಹೆಸರು ಕೊಟ್ಟು ಉಳಿಸುತ್ತಾರೆ. ಫ್ಲಾಪಿಗೆ ಕಳಿಸುವುದು ಹೀಗೆ, ಜಾಗ ಇಲ್ಲವೆಂದರೆ ಒಳಗಿರುವುದನ್ನು ನೋಡುವುದು ಹೀಗೆ, ತೆಗೆಯುವುದು ಹೀಗೆ ಎಂದು ನಮಗೇ ಪಾಠ ಹೇಳುತ್ತಾರೆ. ಕೈ ಎಲ್ಲೂ ತಡವರಿಸುವುದಿಲ್ಲ. ಉಮಾಶಂಕರ್ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಾರೆ.

ಕೊನೆಗೆ ಹೇಳಲೇಬೇಕಾದ್ದನ್ನು ಹೇಳುತ್ತಾರೆ, ಸೂಜಿಯ ಮಾತಿಲ್ಲದೆ, ಮೆಲ್ಲಗೆ. ಹಾಕಿದ ಮೇಲೂ ಫ್ಲಾಪಿ ಖಾಲಿಯಾಗುವುದಿಲ್ಲ, ಅಳಿಸಿದ್ದು ತಮ್ಮ ಬಳಿ ಇದ್ದ ಒಂದೇ ಒಂದು ಪ್ರತಿ, ನಿನ್ನೆ ಹೀಗೆ ಹೀಗಾಯಿತು ಎಂದು. ಮಹದೇವಮ್ಮನ ಕೈ ಬಾಯಿಗೆ ಹೋಗುತ್ತದೆ.

"ಅಯ್ಯೋ ನನ್ನ ಕೈ ಸೇದೋಗ! ನಿಮ್ಮ ಅನ್ನಕ್ಕೇ ಕೈ ಹಾಕ್ಬಿಟ್ನಲ್ಲ ಮೇಷ್ಟ್ರೇ. ಇನ್ನು ಇದನ್ನ ಮುಟ್ಟಲ್ಲ. ತಗೊಂಡ್ ಹೋಗಿ, ಯಾರಿಗಾದ್ರೂ ಕೊಟ್ಬಿಡಿ."

"ಮುಟ್ಟಲ್ಲ ಅಂದ್ರೆ ನಾನು ಬಿಡಲ್ಲ!" ಉಮಾಶಂಕರ್ ದನಿ ಏಕಾಏಕಿ ಏರುತ್ತದೆ, ಎಂದೋ ಬಿಟ್ಟ ಅಡಿಕೋಲು ಕೈಗೆ ಬಂದಂತೆ. "ಕಿಂಡಿ ಮುಚ್ಚಿಟ್ಟಿದ್ದು ನನ್ನ ತಪ್ಪು, ಅದು ಬಿಡಿ. ಅಮ್ಮಾ, ಎಷ್ಟೋ ಮನೇಲಿ ಕನ್ನಡ ಹಾಕಿದ್ದೀನಿ. ಹೇಳಿಕೊಟ್ಟು ಹೊಸಿಲು ದಾಟೋದ್ರೊಳಗೆ ಮರೀತಾರೆ. ಆಮೇಲೆ ಅದಕ್ಕೊಂದು ಬಟ್ಟೆ ಹೊದಿಸಿಡ್ತಾರೆ. ನೀವು ಒಬ್ರೇ ಕೂತು ಬರೆದ್ರಿ, ಅಳಿಸಿದ್ರಿ, ಉಳಿಸಿದ್ರಿ. ನಾನು ಹೇಳಿದ ಪಾಠ ಪೂರ್ತಿ ಕಲಿತೋರು ನೀವೇ ಮೊದಲು. ನನ್ನ ಫ್ಲಾಪಿ ಹೋಗ್ಲಿ ಅತ್ಲಾಗೆ."

ಮಹದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸೂಜಿ ಚುಚ್ಚಿಸಿಕೊಂಡು, ನಗುತ್ತಾರೆ. ಮೇಷ್ಟ್ರ ಕಣ್ಣೂ ಒದ್ದೆಯಾಗಿದೆ. ಮಿಠಾಯಿ ಗಂಟಲಿಗೆ ಸಿಕ್ಕಿತು ಎನ್ನುತ್ತಾರೆ. ಹೊಲಿಗೆ ಕಲಿಯಲು ಬಂದ ಹುಡುಗಿಯರು ಬಾಗಿಲಲ್ಲಿ ಗುಂಪುಗೂಡಿ ಪರದೆಯ ಮೇಲಿನ ಹೊಸ ರಂಗೋಲಿ ನೋಡುತ್ತಿದ್ದಾರೆ. ನಮಗೂ ಹೇಳಿಕೊಡಿ ಎಂದು ಅವರು ಕೇಳಿದ್ದು ಮೇಷ್ಟ್ರನ್ನಲ್ಲ, ಮಹದೇವಮ್ಮನನ್ನು.

ಬಸ್ಸಿಗೆ ಕಾಯುತ್ತ ನಿಂತಾಗ, ಇಂಥ ಲೇಖನಗಳ ಕೊನೆಯಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳುತ್ತೇನೆ. ನಿಮಗೇನಾದರೂ ಆಸೆ ಇದೆಯೇ? ಉಮಾಶಂಕರ್ ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಯೋಚಿಸುತ್ತಾರೆ.

"ನನ್ನ ಹೆಸರು ಪೇಪರಿನಲ್ಲಿ ಹಾಕ್ಲೇಬೇಕು ಅಂತೇನಿಲ್ಲ ಸಾರ್. ಗಂಡಸಿ ಮಹದೇವಮ್ಮ ಕಂಪ್ಯೂಟರ್ ಕಲಿತಿದ್ದು ಯಾರ ಹತ್ರ ಅನ್ನೋದನ್ನ ಮಾತ್ರ ಸ್ವಲ್ಪ ದಪ್ಪಕ್ಷರದಲ್ಲಿ ಹಾಕಿ."